ದೊಡ್ಡವರಾದ ಮೇಲೆ ಟಾನ್ಸಿಲ್ ತೆಗೆಸಿಕೊಂಡರೆ: ಚೇತರಿಕೆಯ ಎರಡು ವಾರಗಳ ಸಮಗ್ರ ಮಾರ್ಗದರ್ಶಿ

ಎಂಟು ವರ್ಷದ ಮಗುವಿಗೆ ಟಾನ್ಸಿಲ್ ಆಪರೇಷನ್ ಆದರೆ ವಾರ ಕಳೆಯುವಷ್ಟರಲ್ಲಿ ಅದು ಅಂಗಳದಲ್ಲಿ ಓಡಾಡುತ್ತಿರುತ್ತದೆ. ಮೂವತ್ತು ದಾಟಿದವರ ಕಥೆ ಬೇರೆ. ವರ್ಷಗಟ್ಟಲೆ ಮತ್ತೆ ಮತ್ತೆ ಸೋಂಕು ತಗಲಿದ ಟಾನ್ಸಿಲ್ ತನ್ನ ಕೆಳಗಿನ ಸ್ನಾಯುವಿಗೆ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಅದನ್ನು ಬಿಡಿಸುವುದು ಕಷ್ಟ, ಬಿಡಿಸಿದ ಮೇಲೆ ಉಳಿಯುವ ಗಾಯವೂ ದೊಡ್ಡದು. ಆ ಗಾಯವನ್ನು ಸಾಮಾನ್ಯವಾಗಿ ಹೊಲಿದು ಮುಚ್ಚುವುದಿಲ್ಲ; ಅದು ತೆರೆದೇ ಇದ್ದು ತನ್ನಷ್ಟಕ್ಕೆ ಮಾಯಬೇಕು, ಅದೂ ಪ್ರತಿ ಗುಟುಕಿಗೂ ಅಲುಗಾಡುವ ಜಾಗದಲ್ಲಿ. ಆದ್ದರಿಂದ ದೊಡ್ಡವರು ಹತ್ತರಿಂದ ಹದಿನಾಲ್ಕು ದಿನಗಳನ್ನು ಇದಕ್ಕಾಗಿಯೇ ಎತ್ತಿಡಬೇಕಾಗುತ್ತದೆ.

ಉಡುಪಿಯಲ್ಲಿ ಮನೆ ಮಾಡಿಕೊಂಡು ಕಾಲೇಜಿನಲ್ಲಿ ಪಾಠ ಹೇಳುವ ನಾನು ಮೂವತ್ತೆಂಟನೆಯ ವಯಸ್ಸಿನಲ್ಲಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಟಾನ್ಸಿಲ್ ತೆಗೆಸಿಕೊಂಡೆ. ಡಿಸ್ಚಾರ್ಜ್ ಆಗುವಾಗ ಕೈಗೆ ಕೊಟ್ಟ ಕಾಗದದಲ್ಲಿ ಮಾತ್ರೆಗಳ ಹೆಸರುಗಳ ಕೆಳಗೆ ‘ಮೆತ್ತನೆಯ ಆಹಾರ, ಐದು ದಿನ ವಿಶ್ರಾಂತಿ’ ಎಂಬ ಒಂದೇ ಸಾಲಿತ್ತು. ಆರನೆಯ ದಿನದ ನೋವು ಮೂರನೆಯ ದಿನದ ನೋವಿಗಿಂತ ಹೆಚ್ಚಿರುತ್ತದೆ ಎಂದು ಆ ಕಾಗದವೂ ಹೇಳಲಿಲ್ಲ, ಅದನ್ನು ಕೊಟ್ಟವರೂ ಹೇಳಲಿಲ್ಲ. ಅದನ್ನು ಮೊದಲೇ ತಿಳಿದು ಸಿದ್ಧರಾಗುವವರಿಗೆಂದು ಈ ಬರಹ. ಇಲ್ಲಿರುವ ಯಾವ ಮಾತಾದರೂ ನಿಮ್ಮ ವೈದ್ಯರ ಮಾತಿಗೆ ವಿರುದ್ಧವಾಗಿದ್ದರೆ, ನಿಮ್ಮ ಗಂಟಲನ್ನು ಕಣ್ಣಾರೆ ಕಂಡಿರುವ ಅವರ ಮಾತನ್ನೇ ನಡೆಸಬೇಕು.

ಮೊದಲ ಹಂತ: ದಿನ ನಿಗದಿ ಮಾಡುವಾಗಲೇ ಮಾಡಬೇಕಾದ ಕೆಲಸಗಳು

ದಿನ ಗೊತ್ತು ಮಾಡುವಾಗ ಆಪರೇಷನ್ ನಡೆಯುವ ದಿನವನ್ನಷ್ಟೇ ನೋಡದೆ ಅದರ ಮುಂದಿನ ಎರಡು ವಾರಗಳನ್ನೂ ನೋಡಬೇಕು. ಆ ಅವಧಿಯಲ್ಲಿ ಮನೆಯಲ್ಲಿ ಮದುವೆ, ಗೃಹಪ್ರವೇಶ, ದೈವದ ಕೋಲ ಇರಬಾರದು. ಇದ್ದರೆ ಹೋಗದೆ ಇರುವ ಧೈರ್ಯವಾದರೂ ಇರಬೇಕು. ಗಲ್ಫ್‌ನಿಂದ ಒಂದು ತಿಂಗಳ ರಜೆಯಲ್ಲಿ ಬರುವವರು ನೆಂಟರಿಷ್ಟರನ್ನೆಲ್ಲ ನೋಡಿ ಮುಗಿಸಿ ಕೊನೆಯ ವಾರಕ್ಕೆ ಆಪರೇಷನ್ ಇಟ್ಟುಕೊಳ್ಳುವುದುಂಟು. ಹಾಗೆ ಮಾಡಿದರೆ ರಕ್ತಸ್ರಾವದ ಸಂಭವ ಹೆಚ್ಚಿರುವ ದಿನಗಳಲ್ಲಿಯೇ ಬಜಪೆಯಿಂದ ವಿಮಾನ ಹತ್ತಬೇಕಾಗುತ್ತದೆ. ರಜೆಯ ಮೊದಲ ವಾರದಲ್ಲಿ ಆಪರೇಷನ್ ಮುಗಿಸಿ, ನೆಂಟರನ್ನು ಆಮೇಲೆ ನೋಡುವುದೇ ಸರಿಯಾದ ಕ್ರಮ. ಯಕ್ಷಗಾನ ಮೇಳದಲ್ಲಿ ಇರುವವರು ಪತ್ತನಾಜೆ, ಅಂದರೆ ಮೇಳದ ತಿರುಗಾಟ ಮುಗಿಯುವ ದಿನ, ಕಳೆದ ಮೇಲಿನ ದಿನಗಳನ್ನು ಆರಿಸಿಕೊಳ್ಳಬಹುದು. ಪಾಠ ಹೇಳುವವರು, ಪೌರೋಹಿತ್ಯ ಮಾಡುವವರು, ಅಂಗಡಿಯಲ್ಲಿ ದಿನವಿಡೀ ಮಾತನಾಡಬೇಕಾದವರು ಎರಡು ವಾರ ರಜೆ ಹಾಕಿ, ಇನ್ನೊಂದು ವಾರವನ್ನು ಕೈಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯ ಪ್ರಶ್ನೆ, ಆ ಎರಡು ವಾರ ಎಲ್ಲಿರುತ್ತೀರಿ ಎಂಬುದು. ಮನೆ ಸುಬ್ರಹ್ಮಣ್ಯದ ಆಚೆಯೋ ಬೈಂದೂರಿನ ಒಳಗಿನ ಹಳ್ಳಿಯಲ್ಲೋ ಇದ್ದರೆ, ರಾತ್ರಿ ಎರಡು ಗಂಟೆಗೆ ಗಂಟಲಿನಿಂದ ರಕ್ತ ಬಂದಾಗ ಕಿವಿ-ಮೂಗು-ಗಂಟಲು ವೈದ್ಯರು ಸಿಗುವ ಆಸ್ಪತ್ರೆಗೆ ತಲುಪಲು ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಿ ನೋಡಬೇಕು. ಮಂಗಳೂರು, ದೇರಳಕಟ್ಟೆ, ಮಣಿಪಾಲಗಳಲ್ಲಿ ದೊಡ್ಡ ಆಸ್ಪತ್ರೆಗಳಿಗೆ ಬರವಿಲ್ಲ. ಆದರೆ ಅವು ಇರುವುದು ಅಲ್ಲಿ, ನಿಮ್ಮ ಮನೆಯ ಪಕ್ಕದಲ್ಲಿ ಅಲ್ಲ. ದೂರದವರು ಹತ್ತು ದಿನದ ಮಟ್ಟಿಗೆ ಪೇಟೆಯಲ್ಲಿರುವ ಅಣ್ಣನ ಮನೆಯಲ್ಲೋ ಚಿಕ್ಕಮ್ಮನ ಮನೆಯಲ್ಲೋ ಉಳಿದುಕೊಳ್ಳುವುದರಿಂದ ಅರ್ಧ ಆತಂಕ ಅಲ್ಲಿಗೇ ಕಡಿಮೆಯಾಗುತ್ತದೆ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, ಆಪರೇಷನ್‌ಗೆಂದು ಊರಿಗೆ ಬಂದವರು ಎರಡು ವಾರ ಕಳೆಯುವವರೆಗೆ ಘಾಟಿ ಹತ್ತಬಾರದು. ಶಿರಾಡಿಯ ನಡುವೆ, ಲಾರಿಗಳ ಸಾಲಿನ ಹಿಂದೆ, ಬಾಯಿತುಂಬ ರಕ್ತ ಇಟ್ಟುಕೊಂಡು ಕೂರುವಂತಹ ಸ್ಥಿತಿ ಶತ್ರುವಿಗೂ ಬೇಡ.

ಆಸ್ಪಿರಿನ್, ಎಕೋಸ್ಪ್ರಿನ್ ಅಥವಾ ರಕ್ತ ತೆಳುವಾಗಿಸುವ ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹಾಗೆಯೇ ಆಯುರ್ವೇದದ ಚೂರ್ಣ, ಲೇಹ್ಯ, ಮನೆಯ ಕಷಾಯ ಏನೇ ನಡೆಯುತ್ತಿದ್ದರೂ ಅದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಇಂತಹ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಅಪಾಯ. ನಿಲ್ಲಿಸಬೇಕೋ, ಯಾವಾಗಿನಿಂದ ನಿಲ್ಲಿಸಬೇಕೋ ಎಂಬುದನ್ನು ಹೃದಯದ ವೈದ್ಯರು, ಆಪರೇಷನ್ ಮಾಡುವ ವೈದ್ಯರು ಇಬ್ಬರೂ ಸೇರಿ ಹೇಳಬೇಕು. ಅಲುಗಾಡುವ ಹಲ್ಲಿದ್ದರೆ ಅರಿವಳಿಕೆ ಕೊಡುವವರಿಗೆ ಅದನ್ನೂ ತಿಳಿಸಬೇಕು. ಬೀಡಿ ಸಿಗರೇಟು ಸೇದುವವರು, ಎಲೆಅಡಿಕೆ ಹಾಕುವವರು ಆ ಅಭ್ಯಾಸವನ್ನು ಮೊದಲೇ ಬಿಡುವುದು ಗಾಯ ಮಾಯುವುದಕ್ಕೆ ಅನುಕೂಲ.

ಇನ್ನು ಮನೆಗೆ ತಂದಿಡಬೇಕಾದದ್ದು: ಒಂದು ಡಿಜಿಟಲ್ ಥರ್ಮಾಮೀಟರ್, ನಾಲ್ಕಾರು ಪೊಟ್ಟಣ ಓಆರ್‌ಎಸ್, ಫ್ರೀಜರ್ ತುಂಬ ಐಸ್, ಹಾಸಿಗೆಯ ಬದಿಗೆ ಒಂದು ಬೇಸಿನ್, ಒಂದು ನೋಟುಪುಸ್ತಕ, ಎರಡು ಹೆಚ್ಚುವರಿ ದಿಂಬು. ನೋಟುಪುಸ್ತಕದ ಒಂದು ಬದಿಯಲ್ಲಿ ಮಾತ್ರೆಯ ಹೊತ್ತು, ಇನ್ನೊಂದು ಬದಿಯಲ್ಲಿ ಕುಡಿದ ನೀರಿನ ಲೆಕ್ಕ ಬರೆಯಬೇಕು. ಮಾತು ಬಾರದಿದ್ದಾಗ ಮನೆಯವರ ಜತೆ ಸಂಭಾಷಣೆ ನಡೆಯುವುದೂ ಅದರ ಹಿಂಬದಿಯ ಹಾಳೆಗಳಲ್ಲಿಯೇ.

ಎರಡನೆಯ ಹಂತ: ಆಸ್ಪತ್ರೆಯಿಂದ ಹೊರಡುವ ಮೊದಲು

ಎಚ್ಚರವಾದಾಗ ಗಂಟಲಿಗಿಂತ ಮೊದಲು ದವಡೆ ಮತ್ತು ನಾಲಿಗೆ ನೋಯುತ್ತವೆ. ಆಪರೇಷನ್ನಿನ ಉದ್ದಕ್ಕೂ ಬಾಯನ್ನು ಉಪಕರಣದಿಂದ ಅಗಲಿಸಿ, ನಾಲಿಗೆಯನ್ನು ಒತ್ತಿ ಹಿಡಿದಿರುತ್ತಾರೆ. ನಾಲಿಗೆಯ ಒಂದು ಭಾಗ ಜೋಮು ಹಿಡಿದಂತಿರುವುದು, ಬಾಯಲ್ಲಿ ಕಬ್ಬಿಣದ ರುಚಿ ಬರುವುದು ಇದರಿಂದಲೇ. ಕಿರುನಾಲಿಗೆ ಊದಿಕೊಂಡು ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಅನ್ನಿಸಬಹುದು. ಅದನ್ನು ಕೆಮ್ಮಿ, ಕ್ಯಾಕರಿಸಿ ತೆಗೆಯಲು ಹೋಗಬಾರದು. ಒಮ್ಮೆ ಕಪ್ಪಗಿನ ವಾಂತಿಯಾದರೆ ಅದು ಆಪರೇಷನ್ ಹೊತ್ತಿಗೆ ಹೊಟ್ಟೆಗಿಳಿದ ಹಳೆಯ ರಕ್ತ ಇರಬಹುದು. ಆದರೂ ನರ್ಸಿಗೆ ತೋರಿಸಬೇಕು, ಹೊಸ ಕೆಂಪು ರಕ್ತವಾಗಿದ್ದರಂತೂ ಕೂಡಲೇ. ನರ್ಸ್ ಒಪ್ಪಿಗೆ ಕೊಟ್ಟ ಕೂಡಲೇ ತಣ್ಣೀರನ್ನು ಚಮಚದಲ್ಲಿ ಗುಟುಕರಿಸಲು ಆರಂಭಿಸುವುದು ಚೇತರಿಕೆಯ ಮೊದಲ ಕೆಲಸ.

ಹೊರಡುವ ಗಡಿಬಿಡಿಯಲ್ಲಿ ಮರೆತುಹೋಗುವ ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಕೊಟ್ಟಿರುವ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಯಾವ ಯಾವುದರಲ್ಲಿ ಇದೆ? ನೋವು ತಡೆಯಲಾರದಷ್ಟಾದರೆ ಮುಂದಿನ ಮಾತ್ರೆ ಯಾವುದು? ರಾತ್ರಿ ರಕ್ತ ಬಂದರೆ ಯಾವ ಬಾಗಿಲಿಗೆ ಬರಬೇಕು, ಯಾವ ನಂಬರಿಗೆ ಕರೆ ಮಾಡಬೇಕು? ಈ ಮೂರಕ್ಕೆ ಉತ್ತರ ಸಿಗದೆ ಹಾಸಿಗೆ ಬಿಟ್ಟು ಏಳಬೇಡಿ.

ಮೂರನೆಯ ಹಂತ: ಕನ್ನಡಿಯಲ್ಲಿ ಕಾಣುವುದನ್ನು ಅರ್ಥ ಮಾಡಿಕೊಳ್ಳುವುದು

ಎರಡನೆಯ ದಿನ ಬೆಳಿಗ್ಗೆ ಮೊಬೈಲಿನ ಟಾರ್ಚ್ ಹಿಡಿದು ಕನ್ನಡಿಯಲ್ಲಿ ಬಾಯಿ ತೆರೆದು ನೋಡಿದಾಗ ಎದೆ ಧಸಕ್ಕೆಂದಿತು. ಗಂಟಲಿನ ಎರಡೂ ಬದಿಗೆ, ಆರಿದ ಗಂಜಿಯ ಮೇಲೆ ಕಟ್ಟುವ ಪೊರೆಯಂತೆ, ಬೂದುಬಿಳಿ ಬಣ್ಣದ ದಪ್ಪ ಪದರ ಕಾಣಿಸುತ್ತಿತ್ತು, ಅಂಚಿನಲ್ಲಿ ಹಳದಿ. ಕೀವಾಗಿದೆ ಎಂದೇ ನಿಶ್ಚಯಿಸಿ ಹೆಂಡತಿಯನ್ನು ಕರೆದೆ. ಅದು ಕೀವಲ್ಲ. ಮೊಣಕಾಲಿಗೆ ಗಾಯವಾದರೆ ಒಣಗಿದ ಹಕ್ಕಳೆ ಕಟ್ಟುತ್ತದೆಯಲ್ಲ, ಸದಾ ಒದ್ದೆಯಾಗಿರುವ ಬಾಯಿಯೊಳಗೆ ಅದೇ ಹಕ್ಕಳೆ ಬಿಳಿಯಾಗಿ ಮೆತ್ತಗಿರುತ್ತದೆ. ಅದನ್ನು ಬೆರಳಿನಿಂದಲೋ ಹತ್ತಿಯಿಂದಲೋ ಒರೆಸಲು ಹೋಗಬಾರದು. ಗಾಯದ ಮೇಲಿನ ಹೊದಿಕೆಯೇ ಅದು. ಅದರ ಜತೆಗೆ ಬಾಯಿಂದ ಕೆಟ್ಟ ವಾಸನೆ ಬರುತ್ತದೆ. ಹಕ್ಕಳೆ ಪೂರ್ತಿ ಬೀಳುವವರೆಗೆ ವಾಸನೆಯೂ ಇರುತ್ತದೆ, ಇದಕ್ಕೆ ಮನೆಯವರು ಸ್ವಲ್ಪ ಹೊಂದಿಕೊಳ್ಳಬೇಕು ಅಷ್ಟೆ.

ಕಿವಿನೋವು ಇನ್ನೊಂದು ಗಾಬರಿ. ಗಂಟಲಿನ ಈ ಭಾಗಕ್ಕೂ ಕಿವಿಗೂ ಸಂವೇದನೆ ಒಯ್ಯುವ ನರ ಒಂದೇ ಆಗಿರುವುದರಿಂದ ಗಂಟಲಿನ ನೋವು ಕಿವಿಯಲ್ಲಿ ಇರಿದಂತೆ ಅನುಭವವಾಗುತ್ತದೆ. ಕಿವಿಗೆ ಎಣ್ಣೆ ಬಿಡುವುದರಿಂದ ಅದು ಕಡಿಮೆಯಾಗುವುದಿಲ್ಲ, ಗಂಟಲಿನ ನೋವಿಗೆ ಕೊಟ್ಟ ಮಾತ್ರೆಯಿಂದಲೇ ಕಡಿಮೆಯಾಗಬೇಕು. ಮೊದಲ ಎರಡು ಮೂರು ದಿನ ಮೈ ಸ್ವಲ್ಪ ಬಿಸಿಯಾಗುವುದೂ ಸಾಮಾನ್ಯವೇ.

ನಾಲ್ಕನೆಯ ಹಂತ: ಮಾತ್ರೆಯನ್ನು ನೋವು ನೋಡಿ ಅಲ್ಲ, ಗಡಿಯಾರ ನೋಡಿ ತೆಗೆದುಕೊಳ್ಳುವುದು

ನಮ್ಮಲ್ಲಿ ಮಾತ್ರೆ ಕಡಿಮೆ ತಿಂದಷ್ಟೂ ಗಟ್ಟಿ ಮನುಷ್ಯ ಎಂಬ ಭಾವನೆಯಿದೆ. ಈ ಹತ್ತು ದಿನ ಅದನ್ನು ಬದಿಗಿಡಬೇಕು. ನೋವು ಏರಿದ ಮೇಲೆ ಮಾತ್ರೆ ನುಂಗಿದರೆ ಅದು ಕೆಲಸ ಮಾಡಲು ಅರ್ಧ ಮುಕ್ಕಾಲು ಗಂಟೆ ಬೇಕು. ಅಷ್ಟು ಹೊತ್ತು ನೀರು ಕುಡಿಯಲಾಗುವುದಿಲ್ಲ. ನೀರು ಕುಡಿಯದಿದ್ದರೆ ಗಂಟಲು ಒಣಗಿ ನೋವು ಇನ್ನೂ ಏರುತ್ತದೆ. ಆ ಸುಳಿಗೆ ಒಮ್ಮೆ ಸಿಕ್ಕಿದರೆ ಹೊರಗೆ ಬರಲು ಒಂದು ದಿನ ಹಿಡಿಯುತ್ತದೆ. ವೈದ್ಯರು ಆರು ಗಂಟೆಗೊಮ್ಮೆ ಎಂದು ಬರೆದಿದ್ದರೆ ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ನಡುರಾತ್ರಿ ಹನ್ನೆರಡು ಎಂದು ಅಲಾರಂ ಇಟ್ಟು, ನಿದ್ದೆಯಿಂದ ಎದ್ದಾದರೂ ತೆಗೆದುಕೊಳ್ಳಬೇಕು. ಊಟವನ್ನು ಮಾತ್ರೆ ತೆಗೆದುಕೊಂಡ ಮುಕ್ಕಾಲು ಗಂಟೆಯ ನಂತರಕ್ಕೆ ಇಟ್ಟುಕೊಂಡರೆ ನುಂಗುವ ಕಷ್ಟ ಅರ್ಧದಷ್ಟಾಗುತ್ತದೆ. ಖಾಲಿ ಹೊಟ್ಟೆಗೆ ಕೂಡದೆಂದು ಹೇಳಿದ ಮಾತ್ರೆಗೆ ಮೊದಲು ಎರಡು ಚಮಚ ಗಂಜಿಯೋ ಹಾಲೋ ಸಾಕು.

ಆರೋಗ್ಯವಂತ ವಯಸ್ಕರಿಗೆ ಪ್ಯಾರಾಸಿಟಮಾಲ್‌ನ ದಿನದ ಗರಿಷ್ಠ ಮಿತಿ 4 ಗ್ರಾಂ, ಅಂದರೆ 4000 ಮಿಲಿಗ್ರಾಂ. ತೂಕ ಕಡಿಮೆ ಇರುವವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ, ಮದ್ಯಪಾನದ ಅಭ್ಯಾಸ ಇರುವವರಿಗೆ ಮಿತಿ ಇನ್ನೂ ಕೆಳಗೆ. ಮನೆಯಲ್ಲಿರುವ ಡೋಲೋ 650ರಲ್ಲಿ ಇರುವುದೂ ಪ್ಯಾರಾಸಿಟಮಾಲ್, ಶೀತದ ಮಾತ್ರೆಗಳಲ್ಲಿ ಬೆರೆತಿರುವುದೂ ಅದೇ, ಟ್ರಮಡಾಲ್ ಎಂಬ ಬಲವಾದ ನೋವುನಿವಾರಕ ಬೆರೆಸಿದ ಕೆಲವು ಮಾತ್ರೆಗಳಲ್ಲಿಯೂ ಅದೇ. ಹೆಸರು ಬೇರೆಯೆಂದು ಮೂರನ್ನೂ ನುಂಗಿದರೆ ಲೆಕ್ಕ ಮಿತಿ ಮೀರುತ್ತದೆ. ಟ್ರಮಡಾಲ್‌ನಂತಹವು ತೂಕಡಿಕೆ, ವಾಕರಿಕೆ, ಮಲಬದ್ಧತೆಗಳನ್ನು ತರುತ್ತವೆ; ತಿಣುಕಿ ಮಲವಿಸರ್ಜನೆ ಮಾಡುವುದು ಗಂಟಲಿನ ಗಾಯಕ್ಕೂ ಒಳ್ಳೆಯದಲ್ಲವಾದ್ದರಿಂದ ಎರಡನೆಯ ದಿನವೇ ಅದಕ್ಕೊಂದು ಸೌಮ್ಯ ಔಷಧಿ ಕೇಳಿ ಪಡೆಯಬೇಕು. ಐಬುಪ್ರೊಫೇನ್ ಬಗೆಯ ಮಾತ್ರೆಗಳನ್ನು ಕೆಲವು ವೈದ್ಯರು ಕೊಡುತ್ತಾರೆ, ಕೆಲವರು ರಕ್ತಸ್ರಾವದ ಶಂಕೆಯಿಂದ ಕೊಡುವುದಿಲ್ಲ. ನಿಮ್ಮವರು ಬರೆದುಕೊಡದೆ ಮೆಡಿಕಲ್ ಶಾಪಿನಿಂದ ತಂದು ನುಂಗಬಾರದು. ಆಸ್ಪಿರಿನ್ ಅಂತೂ ನೋವಿಗಾಗಿ ಖಂಡಿತ ಬೇಡ.

ಮಾತ್ರೆ ನುಂಗಲಾಗದಿದ್ದರೆ ಸಿರಪ್ ಅಥವಾ ನೀರಿನಲ್ಲಿ ಕರಗುವ ಮಾತ್ರೆ ಕೊಡುವಂತೆ ಕೇಳಬಹುದು. ನಾನು ಇದನ್ನು ಕೇಳಲಿಲ್ಲ. ಗೋರಂಟಿ ಬೀಜದಷ್ಟು ಸಣ್ಣದಾಗಿದ್ದರೂ ಕಲ್ಲಿನಂತೆ ತಾಗುವ ಆ ಮಾತ್ರೆಯನ್ನು ನಾಲ್ಕು ದಿನ ಕಣ್ಣಲ್ಲಿ ನೀರು ಸುರಿಸುತ್ತ ನುಂಗಿದೆ.

ಐದನೆಯ ಹಂತ: ನೀರು, ಎಲ್ಲಕ್ಕಿಂತ ಮೊದಲು ನೀರು

ಈ ಬರಹದಲ್ಲಿ ಒಂದೇ ಹಂತವನ್ನು ಪಾಲಿಸಲು ನಿಮಗೆ ಸಾಧ್ಯವಿದ್ದರೆ ಇದನ್ನು ಪಾಲಿಸಿ. ಊಟ ಎರಡು ದಿನ ಸರಿಯಾಗಿ ಆಗದಿದ್ದರೆ ತೂಕ ಇಳಿಯುತ್ತದೆ, ಆಮೇಲೆ ಬರುತ್ತದೆ. ನೀರು ಅರ್ಧ ದಿನ ತಪ್ಪಿದರೆ ಗಂಟಲು ಒಣಗುತ್ತದೆ, ಹಕ್ಕಳೆ ಗಟ್ಟಿಯಾಗಿ ಬಿರುಕು ಬಿಡುತ್ತದೆ, ನೋವು ಇಮ್ಮಡಿಸುತ್ತದೆ. ಆಸ್ಪತ್ರೆಗೆ ಮರಳಿ ಹೋಗಿ ಡ್ರಿಪ್ ಹಾಕಿಸಿಕೊಳ್ಳಬೇಕಾಗಿ ಬರುವುದೂ ಹೆಚ್ಚಾಗಿ ಇದರಿಂದಲೇ.

ನಮ್ಮ ಮನೆಯ ಸ್ಟೀಲ್ ಲೋಟ ಹಿಡಿಯುವುದು 200 ಮಿಲಿಲೀಟರ್. ದಿನಕ್ಕೆ ಅಂತಹ ಹತ್ತು ಹನ್ನೆರಡು ಲೋಟ ದ್ರವ ಒಳಗೆ ಹೋಗಬೇಕು ಎಂದು ಲೆಕ್ಕ ಇಟ್ಟುಕೊಂಡು, ಮುಗಿದ ಪ್ರತಿ ಲೋಟಕ್ಕೂ ನೋಟುಪುಸ್ತಕದಲ್ಲಿ ಒಂದು ಗೀಟು ಎಳೆಯುತ್ತಿದ್ದೆ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ನೀರಿನ ಮಿತಿ ಇರುವವರು ತಮ್ಮ ಲೆಕ್ಕವನ್ನು ವೈದ್ಯರಿಂದ ಪಡೆಯಬೇಕು. ಲೋಟ ಎತ್ತಿ ಗಟಗಟ ಕುಡಿಯಲು ಆಗುವುದಿಲ್ಲ, ಹಾಗೆ ಕುಡಿಯಬೇಕಾಗಿಯೂ ಇಲ್ಲ. ಹತ್ತು ನಿಮಿಷಕ್ಕೊಮ್ಮೆ ಎರಡು ಮೂರು ಗುಟುಕು ಸಾಕು. ನಿದ್ದೆಯಿಂದ ಎದ್ದಾಗಿನ ಮೊದಲ ಗುಟುಕು ಗಾಜಿನ ಚೂರು ಇಳಿದಂತೆ ಇರುತ್ತದೆ; ಎರಡನೆಯದು ಅಷ್ಟಿಲ್ಲ; ಐದನೆಯ ಗುಟುಕಿನ ಹೊತ್ತಿಗೆ ಗಂಟಲು ಪಳಗಿರುತ್ತದೆ. ಹೆಚ್ಚಿನವರು ಮೊದಲ ಗುಟುಕಿನಲ್ಲಿಯೇ ಹೆದರಿ ಲೋಟ ಕೆಳಗಿಡುತ್ತಾರೆ. ಗದ್ದವನ್ನು ಎದೆಯ ಕಡೆಗೆ ಸ್ವಲ್ಪ ಬಗ್ಗಿಸಿ ನುಂಗಿದರೆ ಕೆಲವರಿಗೆ ಸುಲಭವಾಗುತ್ತದೆ. ಮೊದಲ ದಿನಗಳಲ್ಲಿ ನೀರು ಒಮ್ಮೊಮ್ಮೆ ಮೂಗಿನಿಂದ ಹೊರಬರಬಹುದು. ಮೇಲಂಗುಳ ಬಾತುಕೊಂಡು ಸರಿಯಾಗಿ ಮುಚ್ಚಿಕೊಳ್ಳದಿರುವುದರಿಂದ ಹಾಗಾಗುತ್ತದೆ, ಬಾವು ಇಳಿದಂತೆ ಸರಿಹೋಗುತ್ತದೆ.

ಕರಾವಳಿಯವರಿಗೆ ಇಲ್ಲಿ ಒಂದು ಭಾಗ್ಯವಿದೆ, ಅದು ಬೊಂಡ, ಅಂದರೆ ಎಳನೀರು. ತಂಪಾದ ಸೀಯಾಳ ಹುಳಿಯಿಲ್ಲ, ಉರಿಯಿಲ್ಲ, ಗಾಯಕ್ಕೆ ತಾಗಿದ್ದೇ ತಿಳಿಯುವುದಿಲ್ಲ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಕೇಳಿ ಕುಡಿಯಬೇಕು. ನೀರುನೀರಾದ ರಾಗಿ ಅಂಬಲಿ, ಸೋಸಿದ ಬಚ್ಚಂಗಾಯಿ (ಕಲ್ಲಂಗಡಿ) ರಸ, ಆರಿದ ಜೀರಿಗೆ ನೀರು ಎಲ್ಲವೂ ಆಗುತ್ತವೆ. ಹುಳಿಯಾದ ಪುನರ್ಪುಳಿ (ಕೋಕಂ) ಶರಬತ್ತು, ಲಿಂಬೆ ಪಾನಕ, ಕಿತ್ತಳೆ, ಅನಾನಸು, ಸೋಡಾ ಇವು ಆಗುವುದಿಲ್ಲ. ನಾನು ಮೂರನೆಯ ದಿನ ಮರೆತು ಅರ್ಧ ಗುಟುಕು ಪುನರ್ಪುಳಿ ಕುಡಿದು, ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ನಿಂತುಬಿಟ್ಟೆ. ನೀರು ಸಾಕಾಗಿದೆಯೇ ಎಂದು ತಿಳಿಯಲು ಮೂತ್ರದ ಬಣ್ಣ ನೋಡಿದರೆ ಸಾಕು: ತಿಳಿಹಳದಿ ಇದ್ದರೆ ಸರಿ, ಚಹಾದಂತೆ ಕಂಡರೆ ಸಾಲದು.

ಆರನೆಯ ಹಂತ: ಊಟ, ದಿನದಿಂದ ದಿನಕ್ಕೆ

ಐಸ್‌ಕ್ರೀಮ್ ತಿನ್ನಬಹುದು ಎಂದು ವೈದ್ಯರು ಹೇಳುತ್ತಾರೆ, ಗಂಟಲಿಗೆ ತಂಪು ಕೂಡದು ಎಂದು ಮನೆಯ ಹಿರಿಯರು ಹೇಳುತ್ತಾರೆ. “ಐಸ್‌ಕ್ರೀಮ್ ಎಂತದ್ದು ಮಗಾ, ಒಂದು ಲೋಟ ಕಾಳುಮೆಣಸಿನ ಕಷಾಯ ಕುಡಿ, ಎಲ್ಲ ಕೀಳ್ತದೆ” ಎಂದು ನನ್ನ ಅಮ್ಮ ಬಿಸಿ ಲೋಟ ಹಿಡಿದು ನಿಂತಿದ್ದರು. ಶೀತದ ಗಂಟಲಿಗೂ ಕೊಯ್ದ ಗಂಟಲಿಗೂ ವ್ಯತ್ಯಾಸವಿದೆ. ಕೊಯ್ದ ಗಾಯಕ್ಕೆ ತಂಪು ಹಿತ, ಬಾವು ತಗ್ಗಿಸುತ್ತದೆ. ಕಾಳುಮೆಣಸು, ಶುಂಠಿ ಮತ್ತು ಬಿಸಿ ಮೂರೂ ಉರಿ ಹೆಚ್ಚಿಸುತ್ತವೆ. ಅಮ್ಮನೊಂದಿಗೆ ಕೊನೆಗೆ ಆದ ರಾಜಿ ಎಂದರೆ ಕೊತ್ತಂಬರಿ ಜೀರಿಗೆಯ ಕಷಾಯವನ್ನು ಮೆಣಸಿಲ್ಲದೆ, ಹಾಲು ಹಾಕಿ, ಪೂರ್ತಿ ಆರಿಸಿ, ಬಟ್ಟೆಯಲ್ಲಿ ಸೋಸಿ ಕೊಡುವುದು. ಹೀಗೆ ಕೊಟ್ಟರೆ ಯಾವ ತೊಂದರೆಯೂ ಇಲ್ಲ, ಹಿರಿಯರ ಮನಸ್ಸೂ ನೋಯುವುದಿಲ್ಲ.

ಐಸ್‌ಕ್ರೀಮ್ ಆರಿಸುವಾಗ ಊರಿನ ಹೆಮ್ಮೆಯ ಗಡ್‌ಬಡ್ ಅನ್ನು ಮರೆತುಬಿಡಬೇಕು. ಅದರೊಳಗಿನ ಗೋಡಂಬಿ, ಹಣ್ಣಿನ ಹೋಳು, ಜೆಲ್ಲಿ ಇವುಗಳಲ್ಲಿ ಗಂಟಲಿಗೆ ಗೀರುವುದು ಯಾವುದು ಎಂದು ಹುಡುಕುತ್ತ ಕೂರಲಾಗದು. ಸಾದಾ ವೆನಿಲ್ಲಾ ಸಾಕು. ಹಾಲಿನ ಪದಾರ್ಥ ತಿಂದ ಮೇಲೆ ಗಂಟಲಿಗೆ ಕಫ ಅಂಟಿದಂತಾಗುತ್ತದೆ. ಮೇಲೆ ಎರಡು ಗುಟುಕು ನೀರು ಕುಡಿದರೆ ಹೋಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಐಸ್‌ಕ್ರೀಮನ್ನೇ ಊಟ ಮಾಡಿಕೊಳ್ಳಬಾರದು.

ಮೊದಲ ಎರಡು ದಿನ ಗಂಜಿಯ ತಿಳಿ, ಚಿಟಿಕೆ ಉಪ್ಪು, ಅರ್ಧ ಚಮಚ ತುಪ್ಪ. ಕುಚ್ಚಲಕ್ಕಿಯ ಅಗುಳು ದಪ್ಪವಾಗಿದ್ದು ತೌಡಿನ ಪದರವೂ ಉಳಿದಿರುವುದರಿಂದ ಅದನ್ನು ಹಾಗೆಯೇ ನುಂಗುವುದು ಕಷ್ಟ. ಬೆಳ್ತಿಗೆ ಅಕ್ಕಿಯನ್ನು ಹೆಚ್ಚು ನೀರಿನಲ್ಲಿ ಕರಗುವಂತೆ ಬೇಯಿಸುವುದು ಅಥವಾ ಕುಚ್ಚಲಕ್ಕಿ ಗಂಜಿಯನ್ನೇ ಆರಿಸಿ ಮಿಕ್ಸಿಗೆ ಹಾಕುವುದು ಒಳ್ಳೆಯದು. ಗಂಜಿಯ ಜತೆಗೆ ಕೈ ತಾನಾಗಿಯೇ ಉಪ್ಪಿನಕಾಯಿ ಭರಣಿಯತ್ತ ಹೋಗುತ್ತದೆ, ಭರಣಿಯನ್ನು ಕಣ್ಣಿಗೆ ಬೀಳದ ಜಾಗದಲ್ಲಿ ಇಡಿ. ಮೂರನೆಯ ದಿನದಿಂದ ಹೆಸರುಬೇಳೆಯ ತೋವೆಯನ್ನು ಮೆಣಸು ಒಗ್ಗರಣೆಯಿಲ್ಲದೆ ತೆಳುವಾಗಿ ಮಾಡಿಕೊಳ್ಳಬಹುದು. ರಾಗಿ ಮಣ್ಣಿ, ಹಾಲುಬಾಯಿ, ಹಿಸುಕಿದ ಬಾಳೆಹಣ್ಣು, ಚೆನ್ನಾಗಿ ಬೆಂದು ಮೆತ್ತಗಾದ ಕುಂಬಳಕಾಯಿ ಸೇರಿಸಿಕೊಳ್ಳಬಹುದು. ಗಾಯ ಮಾಯಲು ಪ್ರೋಟೀನ್ ಬೇಕಾದ್ದರಿಂದ ಬೇಳೆ, ಹಾಲು, ಮೊಟ್ಟೆ ತಿನ್ನುವವರಿಗೆ ಮೆತ್ತಗೆ ಬೇಯಿಸಿ ಕಲಕಿದ ಮೊಟ್ಟೆ ಇವುಗಳಲ್ಲಿ ಒಂದಾದರೂ ಪ್ರತಿ ದಿನ ಇರಲಿ.

ನಾಲ್ಕೈದನೆಯ ದಿನಕ್ಕೆ ನೀರು ದೋಸೆಗೆ ಬರಬಹುದು. ಇಷ್ಟು ಮೆತ್ತನೆಯ ದೋಸೆ ನಮ್ಮ ಊರಿನದಾಗಿರುವುದು ಇಂತಹ ಹೊತ್ತಿನಲ್ಲಿ ಎಷ್ಟು ಉಪಕಾರ ಎಂಬುದು ತಿಂದವರಿಗೇ ಗೊತ್ತು. ಅಂಚು ಗರಿಯಾಗದಂತೆ ತೆಗೆದು, ಬೆರಳುಗುರಿನಷ್ಟು ಚೂರು ಮಾಡಿ, ಬೆಲ್ಲ ಹಾಕಿದ ಕಾಯಿಹಾಲಿನಲ್ಲಿ ಮುಳುಗಿಸಿ ತಿನ್ನಬೇಕು. ಕಾಯಿಹಾಲನ್ನು ಸೋಸಿರಬೇಕು, ತೆಂಗಿನ ತುರಿಯ ಚರಟ ಗಾಯಕ್ಕೆ ಸಿಕ್ಕಿದರೆ ಕೆಮ್ಮು ಬರುತ್ತದೆ. ಒತ್ತು ಶ್ಯಾವಿಗೆ, ಮೆತ್ತನೆಯ ಇಡ್ಲಿ, ಮೂಡೆ ಇವೂ ಹಾಗೆಯೇ ನೆನೆಸಿ ತಿನ್ನುವುದಕ್ಕೆ ಆಗುತ್ತವೆ. ಅಗಿಯುವ ಕ್ರಿಯೆಯಿಂದ ದವಡೆಯ ಬಿಗಿತ ಸಡಿಲವಾಗುವುದರಿಂದ ಬರೀ ದ್ರವದಲ್ಲಿಯೇ ಹತ್ತು ದಿನ ಕಳೆಯುವುದು ಬೇಡ. ಎರಡು ವಾರ ದೂರವಿಡಬೇಕಾದದ್ದು ಚಕ್ಕುಲಿ, ಹಪ್ಪಳ, ಗೋಳಿಬಜೆ, ಒಣಗಿದ ಕೋರಿರೊಟ್ಟಿ, ಸುಟ್ಟ ಬ್ರೆಡ್ಡು, ಪುಳಿಮುಂಚಿ, ಗಸಿಯಂತಹ ಖಾರದ ಪದಾರ್ಥ. ಮೀನು ಬಿಟ್ಟಿರಲಾರದವರು ಬೂತಾಯಿ ಬಂಗುಡೆಗಳ ಆಸೆ ಬಿಟ್ಟು, ಹತ್ತನೆಯ ದಿನ ಕಳೆದ ಮೇಲೆ ಅಂಜಲಿನ ತುಂಡನ್ನು ಮೆಣಸಿಲ್ಲದೆ ಬೇಯಿಸಿ, ಮುಳ್ಳನ್ನು ಇನ್ನೊಬ್ಬರಿಂದ ತೆಗೆಸಿ ತಿನ್ನಬಹುದು. ಎಲೆಅಡಿಕೆ ಮಾತ್ರ ಒಂದು ತಿಂಗಳು ಬೇಡ ಎಂಬುದು ನನ್ನ ಅಭಿಪ್ರಾಯ: ಅಡಿಕೆಯ ಚೂರು ಗೀರುತ್ತದೆ, ಸುಣ್ಣ ಸುಡುತ್ತದೆ. ಒಂದು ತಿಂಗಳು ಬಿಟ್ಟವರು ಅದನ್ನು ಮತ್ತೆ ಆರಂಭಿಸದಿದ್ದರೆ ಇನ್ನೂ ಒಳ್ಳೆಯದು.

ಏಳನೆಯ ಹಂತ: ನಿದ್ದೆ, ಸ್ನಾನ, ಮಾತು

ತಲೆ ಎತ್ತರದಲ್ಲಿರುವಂತೆ ಎರಡು ಮೂರು ದಿಂಬು ಇಟ್ಟು ಮಲಗಬೇಕು. ಬಾವು ಇರುವ ತನಕ ಗೊರಕೆ ಬರುತ್ತದೆ, ಬಾಯಿ ತೆರೆದು ಮಲಗುವುದರಿಂದ ಗಂಟಲು ಒಣಗುತ್ತದೆ. ಗಾಳಿಗೆ ತೇವ ಕೊಡುವ ಯಂತ್ರ ತರಬೇಕೆಂದು ಒಣಹವೆಯ ಊರುಗಳವರಿಗೆ ಹೇಳುವುದುಂಟು. ನಮ್ಮ ಕಡಲ ಬದಿಯ ಗಾಳಿಯಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ತೇವ ಇರುವುದರಿಂದ ಆ ಖರ್ಚು ಬೇಡ. ಆದರೆ ಎಸಿ ಹಾಕಿ ಮಲಗಿದರೆ ಅದೇ ಗಾಳಿ ಒಣಗುತ್ತದೆ, ಫ್ಯಾನಿನ ಗಾಳಿಯೂ ನೇರ ಮುಖಕ್ಕೆ ಬೀಸಬಾರದು. ಸ್ನಾನಕ್ಕೆ ಬಚ್ಚಲುಮನೆಯ ಹಂಡೆಯ ಸುಡುನೀರು ಬೇಡ, ಉಗುರುಬೆಚ್ಚಗಿನ ನೀರು ಸಾಕು. ಹಲ್ಲುಜ್ಜುವುದನ್ನು ಬಿಡಬಾರದು, ಬ್ರಷ್ ಹಿಂದಕ್ಕೆ ಹೋಗದಂತೆ ನೋಡಿಕೊಂಡರಾಯಿತು. ನಾಲಿಗೆ ಒರೆಸುವ ಹೊತ್ತಿನ ‘ವ್ಯಾ’ ಎಂಬ ಬೆಳಗಿನ ಸಂಗೀತಕ್ಕೆ ಎರಡು ವಾರ ವಿರಾಮ. ಗಂಟಲು ಗುಳುಗುಳು ಮಾಡಿ ಜೋರಾಗಿ ಮುಕ್ಕಳಿಸಬಾರದು. ಬಾಯಿಯೊಳಗೆ ನೀರು ಆಡಿಸಿ ಉಗಿದರೆ ಸಾಕು. ಪಿಸುಗುಟ್ಟುವುದು ಗಂಟಲಿಗೆ ವಿಶ್ರಾಂತಿಯೆಂದು ತಿಳಿಯಬೇಡಿ. ಮೆಲುದನಿಯಲ್ಲಿ ಸಹಜವಾಗಿ ಸ್ವಲ್ಪ ಮಾತನಾಡುವುದೇ ಮೇಲು.

ಎಂಟನೆಯ ಹಂತ: ಐದರಿಂದ ಹತ್ತನೆಯ ದಿನದವರೆಗಿನ ಇಳಿಜಾರು

ಐದನೆಯ ದಿನ ನನಗೆ ಎಷ್ಟು ಹಗುರವಾಗಿತ್ತೆಂದರೆ ರಾತ್ರಿ ಹನ್ನೆರಡರ ಮಾತ್ರೆಯನ್ನು ಬಿಟ್ಟು, ಅಲಾರಂ ಆರಿಸಿ ಮಲಗಿದೆ. ಬೆಳಿಗ್ಗೆ ಎದ್ದಾಗ ಉಗುಳು ನುಂಗಲೂ ಆಗುತ್ತಿರಲಿಲ್ಲ. ಸಹೋದ್ಯೋಗಿ ಮಿತ್ರನೊಬ್ಬ ಫೋನ್ ಮಾಡಿ, “ಎಂತ ಮಾರಾಯ, ವಾರ ಆಯ್ತಲ್ಲ, ಇನ್ನೂ ಗುಣ ಆಗ್ಲಿಲ್ವಾ?” ಎಂದು ಕೇಳಿದಾಗ ನನಗೂ ಏನೋ ಕೆಟ್ಟುಹೋಗಿದೆ ಎಂದೇ ಅನುಮಾನ ಬಂತು. ಏನೂ ಕೆಟ್ಟಿರಲಿಲ್ಲ. ಈ ದಿನಗಳಲ್ಲಿ ಬಿಳಿಯ ಹಕ್ಕಳೆ ಸಡಿಲವಾಗಿ ಚೂರುಚೂರಾಗಿ ಬೀಳಲು ತೊಡಗುತ್ತದೆ, ಅದರ ಕೆಳಗಿನ ಹಸಿ ಚರ್ಮ ತೆರೆದುಕೊಳ್ಳುತ್ತದೆ, ನೋವು ಎರಡನೆಯ ಸಲ ಏರುತ್ತದೆ. ಇದು ಹಿಂದೆ ಬಿದ್ದದ್ದಲ್ಲ, ಗಾಯ ಮಾಯುವ ದಾರಿಯೇ ಹಾಗೆ. ಆದ್ದರಿಂದ ಐದನೆಯ ದಿನ ಎಷ್ಟೇ ಹಗುರವೆನಿಸಿದರೂ ಮಾತ್ರೆಯ ಹೊತ್ತು ಮತ್ತು ನೀರಿನ ಲೆಕ್ಕ ಎರಡನ್ನೂ ಹತ್ತನೆಯ ದಿನದವರೆಗೆ ಸಡಿಲಿಸಬಾರದು. ಮಾತ್ರೆ ಮುಗಿಯುತ್ತ ಬಂದಿದ್ದರೆ ನಾಲ್ಕನೆಯ ದಿನವೇ ವೈದ್ಯರಿಗೆ ಹೇಳಿ ಮತ್ತೆ ಬರೆಸಿಕೊಳ್ಳಬೇಕು.

ರಕ್ತಸ್ರಾವದ ಸಂಭವವೂ ಇದೇ ದಿನಗಳಲ್ಲಿ ಹೆಚ್ಚು. ಮೊದಲ 24 ಗಂಟೆಗಳಲ್ಲಿ ಒಮ್ಮೆ, ಆಮೇಲೆ ಹಕ್ಕಳೆ ಬೀಳುವ ಐದರಿಂದ ಹತ್ತನೆಯ ದಿನದ ನಡುವೆ ಇನ್ನೊಮ್ಮೆ ಎಚ್ಚರ ಬೇಕು. ಮಕ್ಕಳಿಗಿಂತ ದೊಡ್ಡವರಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಉಗುಳಿನಲ್ಲಿ ಒಂದೆರಡು ಕೆಂಪು ಎಳೆ ಕಂಡರೆ ತಣ್ಣೀರು ಕುಡಿದು, ವೈದ್ಯರಿಗೆ ಫೋನಿನಲ್ಲಿ ತಿಳಿಸಿ, ಗಮನವಿಟ್ಟು ಕಾಯಬಹುದು. ಆದರೆ ಹೊಸ ಕೆಂಪು ರಕ್ತ ಉಗುಳುವಷ್ಟು ಬಂದರೆ, ಗಡ್ಡೆ ಕಟ್ಟಿದ ರಕ್ತ ಬಿದ್ದರೆ, ಅಥವಾ ನಿದ್ದೆಯಲ್ಲಿ ಮತ್ತೆ ಮತ್ತೆ ಏನನ್ನೋ ನುಂಗುತ್ತಿರುವುದು ಮನೆಯವರ ಗಮನಕ್ಕೆ ಬಂದರೆ ಕಾಯಬಾರದು. ಎದ್ದು ಕೂರಬೇಕು, ಮುಂದಕ್ಕೆ ಬಾಗಬೇಕು, ರಕ್ತವನ್ನು ನುಂಗದೆ ಬೇಸಿನ್ನಿಗೆ ಉಗಿಯಬೇಕು. ಐಸ್ ನೀರಿನಿಂದ ಬಾಯನ್ನು ಮೆಲ್ಲಗೆ ಮುಕ್ಕಳಿಸುತ್ತ, 108ಕ್ಕೆ ಕರೆ ಮಾಡಿ ಅಥವಾ ಮನೆಯವರ ವಾಹನದಲ್ಲಿ ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಸ್ವಂತ ವಾಹನ ಓಡಿಸಬಾರದು, ಬೈಕಿನ ಹಿಂದೆಯೂ ಕೂರಬಾರದು. ರಕ್ತ ನಿಲ್ಲಿಸಲು ಮತ್ತೆ ಅರಿವಳಿಕೆ ಕೊಡಬೇಕಾಗಿ ಬರಬಹುದಾದ್ದರಿಂದ ದಾರಿಯಲ್ಲಿ ಏನನ್ನೂ ತಿನ್ನಬಾರದು, ಕುಡಿಯಬಾರದು. ಮೊದಲು ಪಕ್ಕದ ಕ್ಲಿನಿಕ್ಕಿಗೆ ಹೋಗಿ ತೋರಿಸಿ ಬರೋಣ ಎಂಬ ಅರ್ಧ ಗಂಟೆಯೂ ಬೇಡ. ದಾರಿಯಲ್ಲಿಯೇ ರಕ್ತ ನಿಂತರೂ ಹಿಂದಿರುಗದೆ ತೋರಿಸಿಯೇ ಬರಬೇಕು. ಸಣ್ಣ ಸ್ರಾವ ಕೆಲವೊಮ್ಮೆ ದೊಡ್ಡದರ ಮುನ್ಸೂಚನೆಯಾಗಿರುತ್ತದೆ. ನನಗೆ ಎಂಟನೆಯ ರಾತ್ರಿ ಮೂರು ಚಮಚದಷ್ಟು ರಕ್ತ ಬಂತು. ಆಸ್ಪತ್ರೆ ತಲುಪುವಾಗ ನಿಂತೂ ಹೋಗಿತ್ತು. ಆದರೂ ಒಂದು ರಾತ್ರಿ ಇರಿಸಿಕೊಂಡು ಕಳುಹಿಸಿದರು.

ರಕ್ತವಲ್ಲದೆ ಜ್ವರ 101.5 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಇಳಿಯದಿದ್ದರೆ, ಅರ್ಧ ದಿನ ಮೂತ್ರವೇ ಆಗದಿದ್ದರೆ, ಉಸಿರಾಟ ಕಷ್ಟವಾದರೆ, ಔಷಧಿ ನೀರು ಎರಡೂ ವಾಂತಿಯಾಗುತ್ತಿದ್ದರೆ ಮರುಭೇಟಿಯ ದಿನ ಬರಲೆಂದು ಕಾಯಬಾರದು.

ಒಂಬತ್ತನೆಯ ಹಂತ: ಕೆಲಸಕ್ಕೆ, ಅಡುಗೆಮನೆಯ ರುಚಿಗೆ ಮರಳುವುದು

ಹತ್ತನೆಯ ದಿನದ ನಂತರ ಸುಧಾರಣೆ ಬೇಗ ಬೇಗ ಕಾಣುತ್ತದೆ. ಕುಳಿತು ಮಾಡುವ ಕೆಲಸಕ್ಕೆ ಎರಡು ವಾರದ ಹೊತ್ತಿಗೆ ಹೋಗಬಹುದು. ತೂಕ ಎತ್ತುವುದು, ಓಡುವುದು, ಜಿಮ್, ಈಜು, ತೆಂಗಿನಕಾಯಿ ಸುಲಿಯುವಂತಹ ಮೈಮುರಿಯುವ ಕೆಲಸ ಎರಡು ವಾರ ಪೂರ್ತಿ ಬೇಡ. ತೂಕಡಿಕೆ ತರುವ ಮಾತ್ರೆ ನಡೆಯುತ್ತಿರುವಾಗ ಸ್ಕೂಟರನ್ನೂ ಹತ್ತಬಾರದು. ಹಾಡುವವರಿಗೆ, ಭಾಗವತಿಕೆ ಮಾಡುವವರಿಗೆ ದನಿ ಮೊದಲ ಕೆಲವು ವಾರ ಬೇರೆಯದಾಗಿ ಕೇಳಿಸಬಹುದು. ಗಂಟಲಿನ ಹಿಂಬದಿಯ ಜಾಗ ಹಿಗ್ಗಿರುವುದಕ್ಕೆ ನುಡಿಸುವ ಸ್ನಾಯುಗಳು ಹೊಂದಿಕೊಳ್ಳಬೇಕು, ಅದಕ್ಕೆ ಮುನ್ನ ಏರುಶ್ರುತಿಗೆ ಹೋಗುವುದು ಸಲ್ಲದು. ನಾಲಿಗೆಯ ರುಚಿ ಸಾಮಾನ್ಯವಾಗಿ ವಾರಗಳಲ್ಲಿ ಮರಳುತ್ತದೆ, ಕೆಲವರಿಗೆ ಕೆಲವು ತಿಂಗಳು ಹಿಡಿಯುತ್ತದೆ.

ಮರುಭೇಟಿಯನ್ನು, ಎಲ್ಲ ಸರಿಯಾಗಿದೆಯಲ್ಲ ಎಂದು ತಪ್ಪಿಸಬೇಡಿ. ತೆಗೆದ ಟಾನ್ಸಿಲನ್ನು ಪರೀಕ್ಷೆಗೆ ಕಳುಹಿಸಿದ್ದರೆ ಅದರ ವರದಿ ಕೇಳಿ ಪಡೆದು ಫೈಲಿನಲ್ಲಿ ಇಟ್ಟುಕೊಳ್ಳಿ, ಒಂದೇ ಬದಿಯ ಟಾನ್ಸಿಲ್ ದೊಡ್ಡದಾಗಿದ್ದವರಂತೂ ಅದನ್ನು ಓದಿಸಿಕೊಳ್ಳದೆ ಬರಲೇಬಾರದು. ನನ್ನ ಮರುಭೇಟಿ ಹದಿನಾರನೆಯ ದಿನ ಇತ್ತು. ಕನ್ನಡಿಯಲ್ಲಿ ಆಗ ಬಿಳಿಯ ಪೊರೆ ಹೋಗಿ, ಎರಡೂ ಬದಿಗೆ ನಸುಗೆಂಪಿನ ನುಣುಪಾದ ತಗ್ಗು ಮಾತ್ರ ಕಾಣುತ್ತಿತ್ತು. ಇಪ್ಪತ್ತೊಂದನೆಯ ದಿನ ಕೋರಿರೊಟ್ಟಿ ತಿಂದೆ. ರೊಟ್ಟಿಯ ಮೇಲೆ ಗಸಿ ಸುರಿದು, ಅದು ಪೂರ್ತಿ ನೆನೆದು ಮೆತ್ತಗಾಗುವವರೆಗೆ ಕಾದು.